ಕಾಲುಚೀಲ ತೊಟ್ಟು ನೋಡುವ ಬಂಡೆ

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಆಗ್ನೇಯ ಅಂಚಿನಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಎದೆಯೊಡ್ಡಿ ನಿಂತ ಕಡಿದಾದ ಕರಾವಳಿಯೇ ಮಿಸ್ಟೇಕನ್ ಪಾಯಿಂಟ್. ಅಲ್ಲಿನ ಇಳಿಜಾರು ಬಂಡೆಯ ಮೇಲೆ ಹೆಜ್ಜೆಯಿಡುವ ಮುನ್ನ ಎಲ್ಲರೂ ಬೂಟು ಕಳಚಿ, ಅದಕ್ಕೆಂದೇ ಕೊಡುವ ಕಾಲುಚೀಲ ತೊಡಬೇಕು. ಗರ್ಭಗುಡಿಗೆ ಹೋಗುವಷ್ಟೇ ಮಡಿ. ಬೂಟಿನಡಿ ಸಿಕ್ಕಿದ ಮರಳ ಹರಳು ಗೀಚಿದರೆ ಮತ್ತೆ ಸರಿಪಡಿಸಲಾಗದಂಥ ದಾಖಲೆ ಅಲ್ಲಿದೆ.

ಸುಮಾರು 56.5 ಕೋಟಿ ವರ್ಷಗಳ ಹಿಂದೆ ಇದು ಬಿಸಿಲು ತಲುಪದ ಆಳಸಮುದ್ರದ ತಳ. ಜರೀಗಿಡದ ಎಲೆಯಂತೆ ಕವಲೊಡೆದ ಜೀವಿಗಳು ಅಲ್ಲಿ ಕೆಸರಿಗೆ ಅಂಟಿಕೊಂಡು ಬದುಕಿದ್ದವು. ರೂಪ ಎಲೆಯದಾದರೂ ಸಸ್ಯಗಳಲ್ಲ; ಆ ಕತ್ತಲಲ್ಲಿ ಸಸ್ಯ ಬೆಳೆಯದು. ಮೂಳೆಯಿಲ್ಲದ, ಚಿಪ್ಪಿಲ್ಲದ ಆ ಮೈಗಳು ಕೊಳೆತು ಕಾಣೆಯಾಗಬೇಕಿತ್ತು. ಜ್ವಾಲಾಮುಖಿಯ ಬೂದಿ ಮೇಲೆ ಬಿದ್ದು ಅವನ್ನು ಇದ್ದಲ್ಲೇ ಅಚ್ಚೊತ್ತಿತು. ಅದೇ ಬೂದಿಯಲ್ಲಿರುವ ಜಿರ್ಕಾನ್ ಹರಳುಗಳಿಂದ ಬಂಡೆಯ ವಯಸ್ಸೂ ಗೊತ್ತಾಯಿತು. ಕೆಲವು ಸೆಂಟಿಮೀಟರಿನಿಂದ ಹತ್ತಿರಹತ್ತಿರ 2 ಮೀಟರ್ ಉದ್ದದವರೆಗಿನ 10,000ಕ್ಕೂ ಹೆಚ್ಚು ಅಚ್ಚುಗಳು ಈ ದಂಡೆಯಲ್ಲಿವೆ. ಓರೆ ಬಿಸಿಲು ಬಿದ್ದಾಗ ಒಂದೊಂದು ನರವೂ ಎದ್ದು ಕಾಣುತ್ತದೆ.

ಈ ಅಚ್ಚುಗಳನ್ನು 1967ರಲ್ಲಿ ಕಂಡುಹಿಡಿದವರು ಭಾರತೀಯರು ಎಂಬುದು ನಮ್ಮಲ್ಲಿ ಇನ್ನಷ್ಟು ಜನರಿಗೆ ತಿಳಿಯಬೇಕು. ಉತ್ತರ ಪ್ರದೇಶದ ಶಿವ ಬಾಲಕ ಮಿಶ್ರ ಆಗ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಆಮೇಲೆ ಅವರು ತಾಯ್ನಾಡಿಗೆ ಮರಳಿ ಲಖನೌ ಸಮೀಪದ ಹಳ್ಳಿಯಲ್ಲಿ ಶಾಲೆ ಕಟ್ಟಿದರು. ಬಂಡೆಯ ಮೇಲಿನ ಜೀವಿಯೊಂದಕ್ಕೆ 2007ರಲ್ಲಿ 'ಫ್ರಾಕ್ಟೊಫ್ಯೂಸಸ್ ಮಿಸ್ರೈ' ಎಂದು ಅವರ ಹೆಸರೇ ಬಂತು.

ಇಂಥ ಜಾಗವನ್ನು ಕಾಯುವುದು ಹೇಗೆ? ಬೂದಿಯ ಪದರ ಸವೆಸಿ ಅಚ್ಚುಗಳನ್ನು ಬಯಲಿಗೆ ತಂದದ್ದು ಗಾಳಿ, ಮಳೆ, ಅಲೆ. ನಿಧಾನವಾಗಿ ಅಳಿಸುತ್ತಿರುವುದೂ ಅವೇ. ಸವೆತವನ್ನು ಪೂರ್ತಿ ನಿಲ್ಲಿಸಿದರೆ ಹೊಸ ಅಚ್ಚುಗಳು ಹೊರಬರುವುದೂ ನಿಲ್ಲುತ್ತದೆ. ಹಾಗಾಗಿ ಸಮುದ್ರವನ್ನು ಅದರ ಪಾಡಿಗೆ ಬಿಟ್ಟು ಮನುಷ್ಯರ ಓಡಾಟವನ್ನಷ್ಟೇ ಹಿಡಿತಕ್ಕೆ ತಂದರು. ಅದೇ ಸರಿಯಾದ ದಾರಿ ಎಂದು ನನಗನ್ನಿಸುತ್ತದೆ. 1987ರಲ್ಲಿ ಇದು ಸಂರಕ್ಷಿತ ಪ್ರದೇಶವಾಯಿತು. 2016ರಲ್ಲಿ ಸುಮಾರು 17 ಕಿ.ಮೀ. ಉದ್ದದ ಈ ಕಿರುಪಟ್ಟಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಮಾರ್ಗದರ್ಶಿ ಜೊತೆಗಿಲ್ಲದೆ ಅಥವಾ ವಿಶೇಷ ಪರವಾನಗಿ ಇಲ್ಲದೆ ಆ ಬಂಡೆಗಳ ಬಳಿ ಯಾರೂ ಹೋಗುವಂತಿಲ್ಲ. 1992ರಲ್ಲಿ ಕಾಡ್ ಎಂಬ ಮೀನು ಹಿಡಿಯುವುದು ನಿಷೇಧವಾಗಿ ಕಸುಬು ಕಳೆದುಕೊಂಡ ಕರಾವಳಿಯಿದು. ಇಂದು ಸುತ್ತಲಿನ ಊರಿನವರೂ ಈ ಕಾವಲಿನಲ್ಲಿ ಪಾಲುದಾರರು. ಬೇಲಿಗಿಂತ ಅವರ ಕಣ್ಣೇ ಹೆಚ್ಚು ಕಾಯುತ್ತದೆ. ಹೀಗೆ ಊರಿನವರು ಕಾಯಬೇಕಾದ ಕಲ್ಲು ನಮ್ಮಲ್ಲೂ ಇದೆ: ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿಟ್ಟಂತೆ ಕಾಣುವ ಪುರಾತನ ಲಾವಾ ಶಿಲೆಗಳಿವೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆ ಕಲ್ಲಿನ ಕಥೆಯನ್ನು ಬಂದವರಿಗೆ ಊರಿನ ಮಕ್ಕಳೇ ಹೇಳುವಂತಾಗಲಿ ಎಂಬುದು ನನ್ನ ಆಸೆ.

ಕೆನಡಾದಲ್ಲಿ ಮಕ್ಕಳಿರುವ ಕನ್ನಡಿಗರು ಆ ಕಡೆ ಹೋದರೆ ಪೋರ್ಚುಗಲ್ ಕೋವ್ ಸೌತ್ ಎಂಬ ಊರಿನ ಮಾಹಿತಿ ಕೇಂದ್ರದಲ್ಲಿ ಮೊದಲೇ ಹೆಸರು ಬರೆಸಬೇಕು. ಸೇಂಟ್ ಜಾನ್ಸ್ ನಗರದಿಂದ ಅಲ್ಲಿಗೆ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಕೇಂದ್ರದಿಂದ ಸ್ವಲ್ಪ ದೂರ ವಾಹನದಲ್ಲಿ ಹೋಗಿ, ಆಮೇಲೆ ಬಯಲಿನಲ್ಲಿ ಸುಮಾರು 3 ಕಿ.ಮೀ. ನಡೆಯಬೇಕು. ಬೇಸಿಗೆಯಲ್ಲೂ ಮಂಜು ಕವಿಯುವ ಜಾಗ, ಸ್ವೆಟರ್ ಮರೆಯಬೇಡಿ.