ಕವರ್ ಮುದುರಿದರೆ ಗೊತ್ತಾಗುತ್ತೆ

ಬೆಂಗಳೂರಿನ ದಕ್ಷಿಣ ಭಾಗದ ಈ ಒಣ ಕಸ ಸಂಗ್ರಹಣಾ ಕೇಂದ್ರ ಹುಡುಕುವುದು ಕಷ್ಟವಲ್ಲ. ಮುಖ್ಯರಸ್ತೆಯ ದರ್ಶಿನಿ ದಾಟಿ ರಾಜಕಾಲುವೆ ಪಕ್ಕಕ್ಕೆ ತಿರುಗಿದರೆ ನೀಲಿ ತಗಡಿನ ಶೆಡ್ಡು, ಎದುರಿಗೆ ಎರಡು ಆಟೊ ಟಿಪ್ಪರ್, ಗೇಟಿನ ಮೇಲೆ ಬಣ್ಣ ಮಾಸಿದ ಬೋರ್ಡು. ಬೋರ್ಡಿನಲ್ಲಿ ಇನ್ನೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಎಂದೇ ಇದೆ. 2025ರ ಸೆಪ್ಟೆಂಬರ್ 2ರಂದು ಆ ಪಾಲಿಕೆ ಹೋಗಿ ಐದು ಪಾಲಿಕೆಗಳು ಬಂದವು. 'ಹೊಸ ಬೋರ್ಡ್ ಹಾಕ್ಸೋಕೆ ಯಾರನ್ನ ಕೇಳಬೇಕೋ ಗೊತ್ತಿಲ್ಲ ಸಾರ್' ಎಂದು ನಕ್ಕರು, ಕೇಂದ್ರ ನಡೆಸುವ ಅಕ್ಕ. ವಾರ್ಡಿನ ಹೆಸರು, ತಮ್ಮ ಹೆಸರು ಎರಡನ್ನೂ ಬರೆಯಬಾರದು ಎಂದು ಬಾಗಿಲಲ್ಲೇ ಷರತ್ತು ಹಾಕಿದ್ದರು. ಕಾರಣ ಆಮೇಲೆ ತಿಳಿಯಿತು.

ನಾನು ಹೋಗಿದ್ದು ನಗರದ ಹವಾಮಾನ ಕ್ರಿಯಾ ಯೋಜನೆ ಕಾಗದದ ಹೊರಗೆ ಹೇಗಿದೆ ಎಂದು ನೋಡಲು. ಸಿ40 ನಗರಗಳ ಒಕ್ಕೂಟ ಮತ್ತು ಸಂಶೋಧನಾ ಸಂಸ್ಥೆ ಡಬ್ಲ್ಯುಆರ್‌ಐ ಇಂಡಿಯಾ ಜತೆಗೂಡಿ ಅಂದಿನ ಬಿಬಿಎಂಪಿ ಈ ಯೋಜನೆಯನ್ನು 2023ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಏಳು ವಲಯ, 266 ಕ್ರಮ, 2050ಕ್ಕೆ ನಿವ್ವಳ ಶೂನ್ಯ. ಎಂದರೆ ನಗರ ಉಗುಳುವ ಹಸಿರುಮನೆ ಅನಿಲವನ್ನು ಆದಷ್ಟೂ ಇಳಿಸಿ, ಉಳಿದಷ್ಟನ್ನು ಹೀರಿಕೊಳ್ಳುವ ವ್ಯವಸ್ಥೆ ಮಾಡಿ ಲೆಕ್ಕ ಸರಿದೂಗಿಸುವುದು. ಹೊರಸೂಸುವಿಕೆಯಲ್ಲಿ ದೊಡ್ಡ ಪಾಲು ಕಟ್ಟಡಗಳು ಬಳಸುವ ವಿದ್ಯುತ್ತು ಮತ್ತು ಇಂಧನದ್ದು, ಆಮೇಲೆ ವಾಹನಗಳದ್ದು, ಮೂರನೆಯದು ಕಸದ್ದು.

ಇಲ್ಲೊಂದು ತಮಾಷೆ ಇದೆ. ವಿದ್ಯುತ್ತು ಬೆಸ್ಕಾಂನದು, ಬಸ್ಸು ಬಿಎಂಟಿಸಿಯದು, ಮೆಟ್ರೊ ಇನ್ನೊಂದು ನಿಗಮದ್ದು. ಕರೆಂಟು ಕಲ್ಲಿದ್ದಲಿನಿಂದ ಬರಬೇಕೋ ಪಾವಗಡದ ಬಿಸಿಲಿನಿಂದ ಬರಬೇಕೋ ಎಂಬುದನ್ನು ಪಾಲಿಕೆ ತೀರ್ಮಾನಿಸಲಾರದು. ಅದರ ಕೈಗೆ ನೇರವಾಗಿ ಸಿಕ್ಕುವುದು ಕಸ. ಆದ್ದರಿಂದ ಮೂರನೆಯ ಸ್ಥಾನದ ಕಸವೇ ನನ್ನ ಕಣ್ಣಿಗೆ ಮೊದಲನೆಯದು.

ಒಳಗೆ ಐದು ಹೆಂಗಸರು ನೆಲದ ಮೇಲೆ ಕುಳಿತು ರಾಶಿ ಬಿಡಿಸುತ್ತಿದ್ದರು. ಸುತ್ತ ಗೋಣಿಚೀಲಗಳು: ರಟ್ಟು, ರದ್ದಿ, ಪೆಟ್ ಬಾಟಲಿ, ಬಿಯರ್ ಬಾಟಲಿ, ಚಪ್ಪಲಿ. ಅಕ್ಕ ಒಂದು ಪ್ಲಾಸ್ಟಿಕ್ ಕವರ್ ಎತ್ತಿ ಕಿವಿಯ ಹತ್ತಿರ ಹಿಡಿದು ಮುದುರಿದರು. ಗರಗರ ಸದ್ದು. 'ಇದು ಪಿಪಿ. ಶರ್ಟಿಂದು, ಬಿಸ್ಕೆಟ್‌ದು.' ಇನ್ನೊಂದನ್ನು ಮುದುರಿದರು. ಸದ್ದೇ ಇಲ್ಲ, ಬೆರಳಿಗೆ ಮೆತ್ತಗೆ. 'ಇದು ಎಲ್‌ಡಿ, ಹಾಲಿನ ಕವರ್. ಇವೆರಡೂ ಸೇರಿದರೆ ತಗೊಳ್ಳೋರು ರೇಟ್ ಕಡಿಮೆ ಮಾಡ್ತಾರೆ.' ನನ್ನ ಕೈಗೂ ನಾಲ್ಕು ಕವರ್ ಕೊಟ್ಟು ಪರೀಕ್ಷೆ ಮಾಡಿದರು. ಪಕ್ಕದಲ್ಲಿದ್ದ ಹುಡುಗಿ ನನ್ನ ಉತ್ತರ ಕೇಳಿ ಬಾಯಿ ಮುಚ್ಚಿಕೊಂಡು ನಕ್ಕಳು.

ಈ ವಿದ್ಯೆ ಅಕ್ಕನಿಗೆ ಬಂದದ್ದು ಬೀದಿಯಲ್ಲಿ. ಹೆಗಲಿಗೆ ಚೀಲ ಹಾಕಿಕೊಂಡು ತಾಯಿಯ ಹಿಂದೆ ಕಲಾಸಿಪಾಳ್ಯದ ಕಡೆ ಆಯಲು ಹೋಗುತ್ತಿದ್ದ ಹುಡುಗಿ ಅವರು. ನಾಯಿ, ಗುಜರಿ ಅಂಗಡಿಯವರ ತೂಕ, ಪೊಲೀಸರು ಎಂದು ಒಂದೊಂದಕ್ಕೂ ಅವರ ಬಳಿ ಕಥೆ ಇದೆ. ಎಲ್ಲ ಬರೆದರೆ ಸಂಪಾದಕರು ಒಪ್ಪುವುದಿಲ್ಲ. ದಶಕಕ್ಕೂ ಹಿಂದೆ ಕಸ ಆಯುವವರಿಗೆ ಪಾಲಿಕೆ ಗುರುತಿನ ಚೀಟಿ ಕೊಟ್ಟ ದಿನವನ್ನು ಮಾತ್ರ ಎರಡು ಸಲ ಹೇಳಿದರು. ಚೀಟಿಯನ್ನು ಪರ್ಸಿನಿಂದ ತೆಗೆದು ತೋರಿಸಿದರು. ಫೋಟೊ ಅಳಿಸಿಹೋಗಿದೆ, ಪ್ಲಾಸ್ಟಿಕ್ ಹೊದಿಕೆ ಗಟ್ಟಿಯಾಗಿದೆ.

ಇನ್ನು ನಗರದ ಕಸದ ಇತಿಹಾಸ, ಬೇಗನೆ. ನಗರದಾಚೆಯ ಮಾವಳ್ಳಿಪುರದಲ್ಲಿ ಬೆಂಗಳೂರಿನ ಕಸ ಸುರಿಯುವುದು 2012ರಲ್ಲಿ ನಿಂತಿತು. ಮಂಡೂರಿನ ಜನ ಬೀದಿಗಿಳಿದ ಮೇಲೆ 2014ರ ಕೊನೆಗೆ ಅಲ್ಲಿಗೂ ಲಾರಿ ಹೋಗುವುದು ನಿಂತಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಕಸಕ್ಕೆ ಕೆಂಪು ಬುಟ್ಟಿ, ಒಣದಕ್ಕೆ ಚೀಲ ಎಂಬ ಪದ್ಧತಿ ಹೈಕೋರ್ಟ್ ಆದೇಶದಿಂದ 2015ರ ಕೊನೆಗೆ ಬಂತು. 2025ರ ಏಪ್ರಿಲ್‌ನಿಂದ ಕಸಕ್ಕೆಂದು ಬಳಕೆದಾರರ ಶುಲ್ಕವೂ ಸೇರಿದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಗರದ ಘನತ್ಯಾಜ್ಯ ನಿರ್ವಹಣಾ ಸಂಸ್ಥೆಯವರು ಬೀದಿಯಲ್ಲಿ ಕಸ ಎಸೆದವರ ಮನೆ ಬಾಗಿಲಿಗೇ ಕಸ ಸುರಿದು ಬಂದರು. ಆ ದಿನ ಟಿವಿ ನೋಡಿ ಶೆಡ್ಡಿನವರೆಲ್ಲ ಚಪ್ಪಾಳೆ ಹೊಡೆದರಂತೆ. ನನಗೆ ಅಷ್ಟು ಖುಷಿಯಾಗಲಿಲ್ಲ. ಸುರಿದದ್ದನ್ನು ಮತ್ತೆ ಗುಡಿಸಬೇಕಾದವರು ಪೌರಕಾರ್ಮಿಕರೇ ಅಲ್ಲವೇ?

ಹವಾಮಾನಕ್ಕೂ ಕಸಕ್ಕೂ ಇರುವ ನಂಟು ಇದು: ಹಳೆಯ ಕಲ್ಲುಕ್ವಾರಿಗಳ ಗುಂಡಿಗೆ ಹೋಗಿ ಬೀಳುವ ಹಸಿ ಕಸ ಗಾಳಿಯಾಡದೆ ಕೊಳೆತು ಮೀಥೇನ್ ಬಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುತ್ತದೆ. ಅದೇ ಹಸಿ ಕಸ ಗೊಬ್ಬರವಾದರೆ, ಬಯೋಗ್ಯಾಸ್ ಆದರೆ ಗಾಳಿಗೆ ಸೇರುವ ಮೀಥೇನ್ ಬಹುಪಾಲು ಕಡಿಮೆಯಾಗುತ್ತದೆ. ಒಣ ಕಸದ ಉಳಿತಾಯ ಬೇರೆ ಥರ. ಬಾಕ್ಸೈಟ್ ಅಗೆದು ಹೊಸ ಅಲ್ಯೂಮಿನಿಯಂ ಮಾಡುವುದಕ್ಕಿಂತ ಹಳೆಯ ಡಬ್ಬಿ ಕರಗಿಸಿದರೆ ಶೇಕಡಾ 95ರಷ್ಟು ಶಕ್ತಿ ಉಳಿಯುತ್ತದೆ. ಎರಡಕ್ಕೂ ಮನೆಯಲ್ಲೇ ಬೇರ್ಪಡಿಸಬೇಕು. ಸಾಂಬಾರು ಹತ್ತಿದ ರಟ್ಟು ಗೊಬ್ಬರಕ್ಕೂ ಇಲ್ಲ, ರದ್ದಿಗೂ ಇಲ್ಲ.

ಹವಾಮಾನ ಕ್ರಿಯಾ ಯೋಜನೆಯ ಹೆಸರು ಕೇಳಿದ್ದೀರಾ ಎಂದು ಅಕ್ಕನನ್ನು ಕೇಳಿದೆ. 'ಇಲ್ಲ ಸಾರ್. ಯಾರೂ ಹೇಳಿಲ್ಲ.' ಎರಡು ವಾಕ್ಯದಲ್ಲಿ ವಿವರಿಸಿದೆ. ಸ್ವಲ್ಪ ಯೋಚಿಸಿ, 'ಅಂದ್ರೆ ನಾವು ಮಾಡ್ತಿರೋದೇ' ಎಂದರು. ಹೌದು, ಆದರೆ ಆ ಉಳಿತಾಯವನ್ನು ಇವರ ಹೆಸರಲ್ಲಿ ಬರೆದಿಡುವ ಪುಸ್ತಕ ಈ ಶೆಡ್ಡಿನಲ್ಲಿ ಇಲ್ಲ. ಇರುವುದು ತೂಕದ ಪುಸ್ತಕ: ಇಷ್ಟು ಕೆ.ಜಿ. ಬಂತು, ಇಷ್ಟು ಹೋಯಿತು.

ಎಲ್ಲವೂ ಮಾರಾಟವಾಗುವುದಿಲ್ಲ. ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಷೆಯಂಥ ಹಲವು ಪದರದ ಪ್ಲಾಸ್ಟಿಕ್‌ಗೆ ಗಿರಾಕಿ ಕಡಿಮೆ. ಅದು ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋಗುತ್ತದೆ. ಕಲ್ಲಿದ್ದಲಿನ ಬದಲಿಗೆ ಎಂಬುದು ಸಮಾಧಾನ, ಆದರೂ ಸುಟ್ಟದ್ದು ಸುಟ್ಟದ್ದೇ. ಬಿಡದಿಯಲ್ಲಿ ಕಸದಿಂದ 11.5 ಮೆಗಾವಾಟ್ ವಿದ್ಯುತ್ ತೆಗೆಯುವ ಘಟಕ ಕಟ್ಟಿದ್ದಾರೆ. ಸುಡುವ ಯಂತ್ರಕ್ಕೆ ದಿನವೂ ಮೇವು ಬೇಕು, ಮತ್ತು ಅದಕ್ಕೆ ಹೆಚ್ಚು ಇಷ್ಟವಾಗುವುದು ಚೆನ್ನಾಗಿ ಉರಿಯುವ ರಟ್ಟು, ಪ್ಲಾಸ್ಟಿಕ್. ಇಲ್ಲಿನವರ ಅನ್ನವೂ ಅದರಲ್ಲೇ ಇದೆ.

ಈಗ ಹೆಸರು ಬೇಡ ಎಂದ ಕಾರಣ. ಎದುರಿನ ಅಪಾರ್ಟ್‌ಮೆಂಟಿನವರು ಈ ಶೆಡ್ಡು ಇಲ್ಲಿಂದ ಎತ್ತಿಸಿ ಎಂದು ಅರ್ಜಿ ಕೊಟ್ಟಿದ್ದಾರೆ. ವಾಸನೆ, ನೊಣ, ಬೇಸಿಗೆಯಲ್ಲಿ ಬೆಂಕಿಯ ಭಯ. ಭಯ ಸುಳ್ಳಲ್ಲ. ಒಣ ರಾಶಿಗೆ ಒಂದು ಬೀಡಿಕಿಡಿ ಸಾಕು, ಶೆಡ್ಡಿನಲ್ಲಿ ನನಗೆ ಕಂಡದ್ದು ಒಂದೇ ಒಂದು ಅಗ್ನಿಶಾಮಕ ಸಿಲಿಂಡರ್. ಆದರೆ ವಾರ್ಡಿನ ಕಸ ವಾರ್ಡಿನಲ್ಲೇ ಬಿಡಿಸಿದರೆ ಲಾರಿ ಡೀಸೆಲ್ ಉಳಿಯುತ್ತದೆ. ಅದನ್ನು ಎಲ್ಲರೂ ಒಪ್ಪುತ್ತಾರೆ, ಪಕ್ಕದ ಬೀದಿಯಲ್ಲಿ ಆಗುವುದಾದರೆ. 'ಪೇಪರ್‌ನಲ್ಲಿ ಹೆಸರು ಬಂದ್ರೆ ಅವರಿಗೆ ಇನ್ನೂ ಜೋರು ಬರುತ್ತೆ' ಎಂದರು ಅಕ್ಕ.

ಮಾತಿನ ನಡುವೆ ಅದೇ ಅಪಾರ್ಟ್‌ಮೆಂಟಿನ ವಾಚ್‌ಮನ್ ದೊಡ್ಡ ಚೀಲವೊಂದನ್ನು ತಂದಿಳಿಸಿದ. ಅಕ್ಕ ಬಾಯಿ ಬಿಚ್ಚಿ ಕೈ ಹಾಕಿದರು: ಮೇಲೆ ಅಮೆಜಾನ್ ಡಬ್ಬಗಳು, ಕೆಳಗೆ ಮಗುವಿನ ಡೈಪರ್, ಅದರ ಕೆಳಗೆ ಬಾಳೆಹಣ್ಣಿನ ಸಿಪ್ಪೆ. ಡಬ್ಬಗಳನ್ನು ಇಳಿಸಿಕೊಂಡು ಚೀಲಕ್ಕೆ ಮತ್ತೆ ಗಂಟು ಹಾಕಿ ಅವನ ಕೈಗೇ ಕೊಟ್ಟರು. 'ಮೂರನೇ ಮಹಡಿದೇ ಇರುತ್ತೆ. ಬೇರೆ ಮಾಡಿ ಕಳಿಸೋಕೆ ಹೇಳಪ್ಪ, ನಾನು ಹೇಳ್ದೆ ಅಂತ ಹೇಳು.'