ಹೊರನಾಡಿಗರ ಪತ್ರಿಕೆಯೂ ಆಟದ ಪುಟವೂ

ಕಾಂದಿವಲಿ ಸ್ಟೇಶನ್ನಿಗೆ ಸಮೀಪದ ಫಲಾಹಾರ ಗೃಹವೊಂದರಲ್ಲಿ ಬೆಳಗಿನ ಗದ್ದಲ ಇಳಿದ ಬಳಿಕ ಕನ್ನಡ ಪತ್ರಿಕೆಯು ಹಾಳೆ ಹಾಳೆಯಾಗಿ ಹಂಚಿಹೋಗುವುದನ್ನು ನಾವು ಹಲವು ಬಾರಿ ಕಂಡಿರುವೆವು. ಮೊದಲ ಪುಟ ಗಲ್ಲೆಯಲ್ಲಿ ಕುಳಿತವರಿಗೆ. ಊರಿನ ಸುದ್ದಿ ಅಡಿಗೆ ಭಟ್ಟರಿಗೆ. ಆಟದ ಪುಟ ಮಾತ್ರ ಪಾತ್ರೆ ತೊಳೆಯುವಲ್ಲಿಯವರೆಗೂ ಹೋಗಿ ಒದ್ದೆಯಾಗಿ ಮರಳುವುದು. ಮೊನ್ನೆ ಅದನ್ನು ನಮ್ಮ ಕೈಗಿತ್ತ ತರುಣನೊಬ್ಬನು, “ಇದೆಲ್ಲ ರಾತ್ರಿಯೇ ಮೊಬೈಲಿನಲ್ಲಿ ನೋಡಿಯಾಯಿತು ಮಾರಾಯ್ರೇ. ಆದರೂ ನಮ್ಮ ಭಾಷೆಯಲ್ಲಿ ಓದದಿದ್ದರೆ ನೋಡಿದ ಹಾಗೆ ಆಗುವುದಿಲ್ಲ” ಎಂದನು. ಆಗ ನಮಗೆ ನೆನಪಾದದ್ದು ಸಾಗರದಾಚೆಯ ಲಾಸ್ ಏಂಜಲೀಸ್ ನಗರ.

ನಾವು ಮುಂಬಯಿಗೆ ಬಂದಂತೆಯೇ ಮೆಕ್ಸಿಕೋದ ಜನರು ಹೊಟ್ಟೆಪಾಡಿಗಾಗಿ ಆ ನಗರಕ್ಕೆ ಬಂದವರು. ಮಾತು ಸ್ಪಾನಿಷ್, ಸುತ್ತಲಿನದು ಆಂಗ್ಲ. ಅವರಿಗಾಗಿ ಇಗ್ನಾಸಿಯೋ ಲೊಸಾನೋ ಎಂಬವರು 1926ರ ಸೆಪ್ಟೆಂಬರ್ 16ರಂದು, ಮೆಕ್ಸಿಕೋದ ಸ್ವಾತಂತ್ರ್ಯದ ದಿನದಂದೇ, ‘ಲಾ ಒಪಿನಿಯೋನ್’ ಎಂಬ ಸ್ಪಾನಿಷ್ ಪತ್ರಿಕೆಯನ್ನು ಹೊರಡಿಸಿದರು. ತಾಯ್ನಾಡಿನ ರಾಜಕೀಯವೇ ಆ ಮೊದಲ ವಾಚಕರ ಹಸಿವು. ಆದರೆ ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಅದೊಂದೇ ಸಾಲುವುದೇ?

1958ರಲ್ಲಿ ಡಾಜರ್ಸ್ ಎಂಬ ಬೇಸ್‌ಬಾಲ್ ತಂಡವು ಲಾಸ್ ಏಂಜಲೀಸಿಗೆ ಬಂದು ನೆಲೆಸಿತು. ಮರುವರ್ಷ ಸ್ಪಾನಿಷ್ ರೇಡಿಯೋದ ವೀಕ್ಷಕ ವಿವರಣೆಗೆ ಸೇರಿದವರು ಹೈಮೆ ಹರೀನ್. ಇವರು ಈಕ್ವೆಡಾರಿನವರು, ಹುಟ್ಟೂರಿನಲ್ಲಿ ಬೇಸ್‌ಬಾಲನ್ನು ಕಂಡವರೇ ಅಲ್ಲ! ಮೊದಲ ವರ್ಷಗಳಲ್ಲಿ ತಂಡವು ಪರಸ್ಥಳದಲ್ಲಿ ಆಡುವಾಗ ಸ್ಪಾನಿಷಿನವರನ್ನು ಜೊತೆಗೆ ಕಳುಹಿಸುತ್ತಿರಲಿಲ್ಲ. ಇವರು ಸ್ಟುಡಿಯೋದಲ್ಲಿ ಕುಳಿತು, ಆಂಗ್ಲ ವಿವರಣೆಗೆ ಕಿವಿಗೊಟ್ಟು, ಅದನ್ನೇ ಆಟವನ್ನು ಎದುರಿಗೆ ಕಂಡವರಂತೆ ಸ್ಪಾನಿಷಿನಲ್ಲಿ ಹೇಳಬೇಕಿತ್ತು. ಆಂಗ್ಲ ವಾರ್ತೆಯನ್ನು ಎದುರಿಗಿಟ್ಟುಕೊಂಡು ರಾತ್ರಿ ಹನ್ನೊಂದಕ್ಕೆ ಕನ್ನಡಿಸುವ ನಮ್ಮ ವೃತ್ತಿಬಂಧುಗಳಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಡಾಜರ್ಸ್ ತಂಡದ ಮೈದಾನ ತೆರೆದದ್ದು 1962ರಲ್ಲಿ. ಅದು ನಿಂತದ್ದು ಮೆಕ್ಸಿಕೋ ಮೂಲದ ಅನೇಕ ಕುಟುಂಬಗಳನ್ನು ಒಕ್ಕಲೆಬ್ಬಿಸಿದ ಗುಡ್ಡದ ಮೇಲೆ. ಆ ನೋವಿನಿಂದ ಅತ್ತ ಕಾಲಿಡದವರೂ ಇದ್ದರು. 1981ರಲ್ಲಿ ಮೆಕ್ಸಿಕೋದ ಸೊನೋರಾ ಪ್ರಾಂತ್ಯದ ಎಚೊವಾಕಿಲಾ ಎಂಬ ಹಳ್ಳಿಯಿಂದ ಬಂದ, ಹನ್ನೆರಡು ಮಕ್ಕಳಲ್ಲಿ ಕಡೆಯವನಾದ, ಇಪ್ಪತ್ತರ ಹರೆಯದ ಫೆರ್ನಾಂಡೊ ವಾಲೆನ್ಸುವೆಲಾ ಆ ಮೈದಾನದಲ್ಲಿ ಚೆಂಡೆಸೆಯಲು ನಿಂತನು. ಮೊದಲ ದಿನ ಹ್ಯೂಸ್ಟನ್ನಿಗೆ ಒಂದು ಓಟವನ್ನೂ ಕೊಡಲಿಲ್ಲ; ಸಾಲಾಗಿ ಎಂಟು ಪಂದ್ಯಗಳನ್ನು ಗೆಲ್ಲಿಸಿದನು. ಶ್ರೇಷ್ಠ ಹೊಸ ಆಟಗಾರನ ಪದವಿಯನ್ನೂ ಶ್ರೇಷ್ಠ ಚೆಂಡೆಸೆಗಾರನ ಪ್ರಶಸ್ತಿಯನ್ನೂ ಒಂದೇ ವರ್ಷದಲ್ಲಿ ಪಡೆದ ಮೊದಲಿಗನು ಅವನೇ. ಸ್ಪಾನಿಷ್ ಮಾತಿನ ಜನ ಸಂಸಾರಸಮೇತ ಮೈದಾನಕ್ಕೆ ಬಂದರು. ಹುಡುಗನಿಗೆ ಆಂಗ್ಲ ಬಾರದು. ದೇಶದ ಪತ್ರಕರ್ತರು ಮುತ್ತಿಕೊಂಡಾಗ ದುಭಾಷಿಯಾಗಿ ಪಕ್ಕದಲ್ಲಿ ನಿಂತವರು ಹರೀನ್. ಅದುವರೆಗೆ ಆಂಗ್ಲದಿಂದ ಸ್ಪಾನಿಷಿಗೆ ಇಳಿಯುತ್ತಿದ್ದ ಆಟದ ವಾರ್ತೆ ಈಗ ಸ್ಪಾನಿಷಿನಿಂದ ಆಂಗ್ಲಕ್ಕೆ ಹೋಗತೊಡಗಿತು.

ಆ ಭಾಷೆಯ ತವರಾದ ಸ್ಪೇನಿನಲ್ಲಂತೂ ಆಟಕ್ಕೆಂದೇ ದಿನಪತ್ರಿಕೆಗಳುಂಟು. ಬಾರ್ಸಿಲೋನಾದ ‘ಮುಂದೊ ದೆಪೋರ್ತಿವೊ’ 1906ರದು, ‘ಮಾರ್ಕಾ’ 1938ರದು. ಬಿಲ್ಬಾವೋದ ಹಳೆಯ ಆಟಗಾರನೊಬ್ಬನ ಅಡ್ಡಹೆಸರು ‘ಪಿಚೀಚಿ’. ಅತಿ ಹೆಚ್ಚು ಗೋಲು ಹೊಡೆದವನಿಗೆ ಮಾರ್ಕಾ ಪತ್ರಿಕೆ ಆ ಹೆಸರಿನ ಬಹುಮಾನವನ್ನಿಟ್ಟಿತು. ಈಗ ಅಲ್ಲಿ ಪಿಚೀಚಿ ಎಂದರೇ ಹೆಚ್ಚು ಗೋಲು ಹೊಡೆದವನು.

ನಮ್ಮವರಲ್ಲಿ ಇಂಥವರಿಲ್ಲವೆಂದಲ್ಲ. ಮುಲ್ಕಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಬುಧಿ ಕುಂದರನ್ 1960ರ ಜನವರಿಯಲ್ಲಿ ಬ್ರೆಬೋರ್ನ್ ಮೈದಾನದಲ್ಲಿ ಆಸ್ಟ್ರೇಲಿಯದ ವಿರುದ್ಧ ವಿಕೆಟ್ ಕಾಯಲು ನಿಂತಾಗ ಇನ್ನೂ ಒಂದೇ ಒಂದು ರಣಜಿ ಪಂದ್ಯವನ್ನಾಡಿರಲಿಲ್ಲ. ಮುಂದಿನ ಟೆಸ್ಟಿನಲ್ಲಿ, ಮದರಾಸಿನಲ್ಲಿ, 71 ಓಟ ಗಳಿಸಿದರು. 1964ರಲ್ಲಿ ಅದೇ ಊರಿನಲ್ಲಿ ಇಂಗ್ಲೆಂಡಿನೆದುರು 192. ಮುಲ್ಕಿಯಿಂದ ಬಂದ ಹೋಟೆಲ್ ಮಾಣಿಗೆ ಓಟದ ಲೆಕ್ಕದ ಜೊತೆಗೆ ಇನ್ನೊಂದು ಪ್ರಶ್ನೆ ಇರುತ್ತದೆ: ಇವರು ಮುಲ್ಕಿಯಲ್ಲಿ ಯಾರ ಮನೆಯವರು? ಏಜೆನ್ಸಿಯ ಆಂಗ್ಲ ತಂತಿಯಲ್ಲಿ ಅದಕ್ಕೆ ಉತ್ತರ ಬಾರದು. ಹುಡುಕಿ ಬರೆಯಬೇಕಾದವರು ನಾವು.

ಕಾಂದಿವಲಿಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ, ಸಚಿನ್ ತೆಂಡೂಲ್ಕರ್ ಹೆಸರಿನ ಜಿಮಖಾನವಿದೆ. ಇವೆರಡರ ಹೆಸರೂ ಪತ್ರಿಕೆಗಳಲ್ಲಿ ಬರುತ್ತದೆ. ಆದಿತ್ಯವಾರ ನಮ್ಮ ಹುಡುಗರು ಆಡುವ ಕಬಡ್ಡಿಯ ಗತಿಯೇ ಬೇರೆ. ಕಳೆದ ಬಾರಿಯ ವರದಿಯನ್ನು ಬರೆದವರು ನಾವೇ. ವೇದಿಕೆಯ ಮೇಲಿದ್ದ ಹನ್ನೊಂದು ಗಣ್ಯರ ಹೆಸರು ತಪ್ಪದೆ ಬಂದಿತ್ತು. ಗೆದ್ದ ತಂಡದ ಹೆಸರು ಕೊನೆಯ ಸಾಲಿನಲ್ಲಿತ್ತು. ಆಟದ ಸಂಗತಿ ಒಂದಕ್ಷರವೂ ಇರಲಿಲ್ಲ.

ಆಟದ ಪುಟವನ್ನು ನಮಗಿತ್ತ ಆ ತರುಣನು ಅಂದು ಕೊನೆಯ ನಿಮಿಷದಲ್ಲಿ ಮೂವರನ್ನು ಔಟು ಮಾಡಿ ಬಂದವನಂತೆ. “ಅದು ಬರಲಿಲ್ಲವಲ್ಲ” ಎಂದು ಕೇಳಿ, ನಮ್ಮ ಉತ್ತರಕ್ಕೂ ಕಾಯದೆ ಚಹದ ಲೋಟಗಳನ್ನೆತ್ತಿಕೊಂಡು ಒಳಗೆ ಹೋದನು. ಬರುವ ಆದಿತ್ಯವಾರ ಮತ್ತೆ ಪಂದ್ಯವಿದೆ. ಈ ಸಲ ನಾವು ವೇದಿಕೆಯ ಬಳಿ ಕುಳಿತುಕೊಳ್ಳುವುದಿಲ್ಲ; ಅಂಕಣದ ಗೆರೆಯ ಪಕ್ಕದಲ್ಲಿ ನಿಲ್ಲುವೆವು.