ಎಂಟು ಗಂಟೆಯ ನೆರಳು

ತಿಪಟೂರಿನಲ್ಲಿ ನಡುಹಗಲು ಹನ್ನೆರಡಕ್ಕೆ ಆಗುವುದಿಲ್ಲ. ನಮ್ಮ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ ನಡೆಯುತ್ತವೆ. ಊರಿರುವುದು ಅದಕ್ಕಿಂತ ಸುಮಾರು 6 ಡಿಗ್ರಿ ಪಶ್ಚಿಮಕ್ಕೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ, ಇಲ್ಲಿ ಸೂರ್ಯ ತನ್ನ ಏರಿನ ತುದಿ ಮುಟ್ಟುವಾಗ ಸರಾಸರಿ 12.24. ತುರುವೇಕೆರೆ, ಚಿಕ್ಕನಾಯಕನಹಳ್ಳಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಸೂರ್ಯನ ಕಡೆಗೆ ತಿರುಗುವ ಸೋಲಾರ್ ಪ್ಯಾನೆಲ್ ಮಾಡಿಕೊಳ್ಳುವವರು ನಡುಗುರುತು ಹಾಕಬೇಕಾದದ್ದು ಹನ್ನೆರಡಕ್ಕಲ್ಲ, ಈ ಹೊತ್ತಿಗೆ.

ಡಿಸೆಂಬರ್ ನಡುಹಗಲಲ್ಲಿ ಸೂರ್ಯ ಇಲ್ಲಿ ನೆತ್ತಿಯಿಂದ ಸುಮಾರು 37 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ, ಜೂನ್‌ನಲ್ಲಿ 10 ಡಿಗ್ರಿ ಉತ್ತರಕ್ಕೆ. ಈ ಓಲಾಟಕ್ಕೆ ಆರು ತಿಂಗಳು ಬೇಕು. ಪೂರ್ವದಿಂದ ಪಶ್ಚಿಮಕ್ಕೆ ಓಡುವುದೋ ದಿನದಿನವೂ, ಗಂಟೆಗೆ 15 ಡಿಗ್ರಿ. ಹಾಗಾಗಿ ಎರಡು ದಿಕ್ಕಿಗೂ ತಿರುಗುವ ಯಂತ್ರ ನಮ್ಮ ಸೀಮೆಗೆ ಬೇಕಿಲ್ಲ. ಉತ್ತರ-ದಕ್ಷಿಣವಾಗಿ ಮಲಗಿಸಿದ ಒಂದು ಕಬ್ಬಿಣದ ಪೈಪು, ಅದರ ಮೇಲೆ ತಕ್ಕಡಿಯಂತೆ ತೂಗುವ ಪ್ಯಾನೆಲ್ ಸಾಕು. ಮಾರ್ಚ್ ಇಲ್ಲವೇ ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಬೆಳಿಗ್ಗೆ ಎಂಟಕ್ಕೆ, ಅಂಗಾತ ಮಲಗಿರುವ ಪ್ಯಾನೆಲ್ಲಿಗೆ ನೇರ ಬಿಸಿಲಿನ ಹತ್ತರಲ್ಲಿ ನಾಲ್ಕು ಪಾಲು ದಕ್ಕಿದರೆ, ತಿರುಗಿ ನಿಂತದ್ದಕ್ಕೆ ಹೆಚ್ಚುಕಡಿಮೆ ಹತ್ತೂ ದಕ್ಕುತ್ತದೆ.

ತಿರುಗಿಸಲು ಅತಿ ಸರಳವಾದ ಉಪಾಯ ನನಗೆ ತುಂಬ ಇಷ್ಟ. ಅದರಲ್ಲಿ ಕಂಪ್ಯೂಟರೂ ಇಲ್ಲ, ಬ್ಯಾಟರಿಯೂ ಇಲ್ಲ. ಎರಡು ಪುಟ್ಟ ಸೋಲಾರ್ ತುಣುಕುಗಳನ್ನು ಮನೆಯ ಇಳಿಜಾರು ಚಾವಣಿಯಂತೆ, ಒಂದು ಪೂರ್ವಕ್ಕೆ ಇನ್ನೊಂದು ಪಶ್ಚಿಮಕ್ಕೆ ಮುಖ ಮಾಡಿ, ದೊಡ್ಡ ಪ್ಯಾನೆಲ್ಲಿನ ಅಂಚಿಗೆ ಕೂರಿಸುತ್ತಾರೆ. ಮೊದಲನೆಯದರ ಪ್ಲಸ್ಸಿಗೆ ಎರಡನೆಯದರ ಮೈನಸ್ಸು, ಮೊದಲನೆಯದರ ಮೈನಸ್ಸಿಗೆ ಎರಡನೆಯದರ ಪ್ಲಸ್ಸು ಸೇರಿಸಿ, ಆ ಎರಡು ಕೂಡುಗಳಿಂದ ಬಂದ ತಂತಿಗಳನ್ನು ಪುಟ್ಟ ಡಿಸಿ ಮೋಟಾರಿಗೆ ಕೊಟ್ಟರೆ ಆಯಿತು. ಎರಡಕ್ಕೂ ಸಮ ಬಿಸಿಲಿದ್ದಾಗ ಒಂದರ ಕರೆಂಟನ್ನು ಇನ್ನೊಂದು ನುಂಗಿಕೊಳ್ಳುತ್ತದೆ, ಮೋಟಾರು ಸುಮ್ಮನಿರುತ್ತದೆ. ಸೂರ್ಯ ಸರಿದ ಕಡೆಯ ತುಣುಕು ಗೆಲ್ಲುತ್ತದೆ, ಚೌಕಟ್ಟು ಆ ಕಡೆ ತಿರುಗುತ್ತದೆ. ಸಂಜೆ ಪಶ್ಚಿಮಕ್ಕೆ ವಾಲಿ ನಿಂತದ್ದನ್ನು ಮಾರನೆಯ ದಿನ ಎಳೆಬಿಸಿಲೇ ಪೂರ್ವಕ್ಕೆ ಎಳೆದುಕೊಳ್ಳುತ್ತದೆ. ಮೋಟಾರಿಗೆ ವರ್ಮ್ ಗೇರ್ ಇರಲೇಬೇಕು. ಗಾಳಿ ದೂಡಿದರೂ ಅದು ಹಿಂದಕ್ಕೆ ತಿರುಗದು. ಚೌಕಟ್ಟು ಮಿತಿ ಮೀರಿ ತಿರುಗದಂತೆ ತಡೆಯಲು ಎರಡೂ ತುದಿಯಲ್ಲಿ ಲಿಮಿಟ್ ಸ್ವಿಚ್ ಬೇಕು.

ಆದರೆ ತೆಂಗಿನ ಸೀಮೆಯ ನಿಜವಾದ ತೊಡಕು ಮೋಟಾರಿನಲ್ಲಿಲ್ಲ. ತಿರುಗುವ ಪ್ಯಾನೆಲ್ಲಿನ ಹೆಚ್ಚಿನ ಗಳಿಕೆಯೆಲ್ಲ ಬೆಳಗಿನದು ಮತ್ತು ಸಂಜೆಯದು. ಮರಗಳು ತಡೆಯುವುದೂ ಆ ಬಿಸಿಲನ್ನೇ. ಮಾರ್ಚ್ ಇಲ್ಲವೇ ಸೆಪ್ಟೆಂಬರ್ ಕೊನೆಯಲ್ಲಿ 60 ಅಡಿಯ ಮರದ ನೆರಳು ಬೆಳಿಗ್ಗೆ ಎಂಟಕ್ಕೆ ಸುಮಾರು 140 ಅಡಿ ಚಾಚುತ್ತದೆ, ಹತ್ತಕ್ಕೆ 50 ಅಡಿಯ ಒಳಗೆ ಬರುತ್ತದೆ. ಗರಿಯ ನೆರಳು ತೆಳ್ಳಗಿದೆ ಎಂದು ಬಿಡುವಂತಿಲ್ಲ. ಪ್ಯಾನೆಲ್ಲಿನ ಕೋಶಗಳು ಒಂದರ ಹಿಂದೊಂದು ಜೋಡಿಸಿದವು. ಒಂದು ಮಂಕಾದರೆ ಅದರ ಸಾಲಿನ ಕರೆಂಟೇ ತಗ್ಗುತ್ತದೆ, ಡ್ರಿಪ್ ಪೈಪು ಒಂದೆಡೆ ಮಡಚಿಕೊಂಡರೆ ಮುಂದಿನ ಗಿಡಗಳೆಲ್ಲ ಒಣಗುವಂತೆ. ಒಳಗಿನ ಬೈಪಾಸ್ ಡಯೋಡು ಆ ಗುಂಪನ್ನು ಬಿಟ್ಟು ಮಿಕ್ಕದ್ದನ್ನು ಉಳಿಸುತ್ತದೆ ನಿಜ, ಆ ಗುಂಪಿನ ಗಳಿಕೆ ಹೋದಂತೆಯೇ. ತೋಟದ ನಡುವೆ, ಬೋರ್‌ವೆಲ್ಲಿನ ಪಕ್ಕದಲ್ಲೇ ನಿಲ್ಲಿಸಿದ ತಿರುಗು ಪ್ಯಾನೆಲ್ಲಿಗಿಂತ ಬಯಲಿಗೆ ತೆರೆದ ಬದುವಿನ ಮೇಲಿನದು ಎಷ್ಟೋ ಮೇಲು, ತಂತಿ ಉದ್ದವಾದರೂ.

ಸೌರ ಪಂಪಿಗಂತೂ ಈ ಅಂಚಿನ ಹೊತ್ತುಗಳೇ ಮುಖ್ಯ. ಆಳದ ನೀರನ್ನು ಎತ್ತಲು ಕನಿಷ್ಠ ಇಷ್ಟು ಎಂಬ ಶಕ್ತಿ ಬೇಕು. ಅದಕ್ಕಿಂತ ಕಡಿಮೆಯಾದರೆ ಮೋಟಾರು ತಿರುಗಿದರೂ ಹನಿ ನೀರು ಮೇಲೆ ಬಾರದು. ಪ್ಯಾನೆಲ್ ಸೂರ್ಯನತ್ತ ಮುಖ ಮಾಡಿದಾಗ ಪಂಪು ಬೆಳಿಗ್ಗೆ ಬೇಗ ನೀರು ಕೊಡುತ್ತದೆ, ಸಂಜೆ ತಡವಾಗಿ ನಿಲ್ಲುತ್ತದೆ. ಇದಕ್ಕೆ ಮೋಟಾರೇ ಬೇಕೆಂದಿಲ್ಲ. ದಿನಕ್ಕೆ ಮೂರು ಸಲ, ಬೆಳಿಗ್ಗೆ, ನಡುಹಗಲಲ್ಲಿ, ಇಳಿಹೊತ್ತಿನಲ್ಲಿ ಕೈಯಿಂದ ತಿರುಗಿಸಿ ಗೂಟ ಸಿಕ್ಕಿಸುವ ಚೌಕಟ್ಟೂ ಗಳಿಕೆಯ ಬಹುಪಾಲನ್ನು ತಂದುಕೊಡುತ್ತದೆ. ತೋಟಕ್ಕೆ ಹೇಗೂ ಹೋಗಿ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮುಂಗಾರಿನ ಮೋಡ ಕವಿದ ದಿನಗಳಲ್ಲಿ ಬೆಳಕು ಇಡೀ ಆಕಾಶದಿಂದ ಬರುವುದರಿಂದ ಪ್ಯಾನೆಲ್ ಅಂಗಾತ ಮಲಗಿರುವುದೇ ಒಳ್ಳೆಯದು, ಬಿರುಗಾಳಿಗೂ ಹಾಗೆಯೇ.

ಕಬ್ಬಿಣ ಕೊಳ್ಳುವ ಮುಂಚೆ, ಪ್ಯಾನೆಲ್ ನಿಲ್ಲಬೇಕಾದ ಜಾಗದಲ್ಲಿ ಅಷ್ಟೇ ಎತ್ತರದ ಗಳವೊಂದನ್ನು ನೆಡಿ. ಬೆಳಿಗ್ಗೆ ಎಂಟಕ್ಕೆ, ಸಂಜೆ ನಾಲ್ಕೂವರೆಗೆ ಅದರ ತುದಿಗೆ ಬಿಸಿಲು ತಾಗುತ್ತದೆಯೇ ನೋಡಿ. ಡಿಸೆಂಬರ್‌ನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಇನ್ನೊಮ್ಮೆ.